ಸುವರ್ಣಮ್ಮ ಕೊಡಲಿ ಹಿಡಿದದ್ದು

ಶಿವಮೊಗ್ಗದಲ್ಲಿ ಮನೆಮನೆಗೆ ಹೋಗಿ ಸೌದೆ ಒಡೆಯುತ್ತಿದ್ದ ಓಬಯ್ಯನ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಅವನ ಹೆಂಡತಿ ಸುವರ್ಣಮ್ಮನೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸಕ್ಕೆ ಕರೆಯುವವರು ಯಾರು? ಆಸ್ಪತ್ರೆಯ ಹೆಸರೆತ್ತಿದರೆ ಅವನು ಉರಿದು ಬೀಳುತ್ತಿದ್ದ. ಅವನ ಅಣ್ಣ ಆಪರೇಷನ್ ಮಾಡಿಸಿಕೊಂಡು ಇದ್ದ ಮಸುಕು ಬೆಳಕನ್ನೂ ಕಳೆದುಕೊಂಡಿದ್ದ.

ಹಾಗಾಗಿ ಸೌದೆ ಜೋಡಿಸುವ ನೆಪ ಮಾಡಿಕೊಂಡು ಸುವರ್ಣಮ್ಮ ಅವನ ಬೆನ್ನಿಗೇ ಹೋಗತೊಡಗಿದಳು. ತುಂಡನ್ನು ನಿಲ್ಲಿಸುವಳು, ಬಿರುಕು ಅವನ ಎದುರಿಗೆ ಬರುವಂತೆ ತಿರುಗಿಸುವಳು, ಕೈ ತೆಗೆದು "ಹ್ಞೂಂ" ಎನ್ನುವಳು. ಆಮೇಲೆ ಕೊಡಲಿ ಇಳಿಯುತ್ತಿತ್ತು. ನೋಡಿದವರು ಗಂಡ ಹೆಂಡಿರ ಹೊಂದಾಣಿಕೆ ಮೆಚ್ಚುತ್ತಿದ್ದರು. ಅವಳು ಮಾತ್ರ ಕೆಲಸ ಮುಗಿಯುವ ತನಕ ಕೊಡಲಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಅರವತ್ತೆರಡನೇ ಇಸವಿಯ ಪುಷ್ಯಮಾಸ. ಚಳಿ ಮೂಳೆ ಕೊರೆಯುತ್ತಿತ್ತು. ಅವತ್ತು ಅವರಿಬ್ಬರನ್ನು ಸೌದೆ ಒಡೆಯಲು ಕರೆಸಿದ್ದ ಸುಭದ್ರಮ್ಮನವರ ಮಗಳು ಉಮಾಮಹೇಶ್ವರಿ ಭದ್ರಾವತಿಯ ಆಸ್ಪತ್ರೆಯಲ್ಲಿ ಹೆತ್ತು, ಮಾರನೆಯ ದಿನ ಹಸುಗೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಗೆ ಕೆಂಡ ಬೇಕು, ಬಚ್ಚಲ ಹಂಡೆಗೆ ಉರಿ ಬೇಕು. ಹಿತ್ತಿಲಲ್ಲಿ ಒಂದು ಗಾಡಿ ಮತ್ತಿ ಮರದ ತುಂಡು ಬಿದ್ದಿತ್ತು. ಎಲ್ಲ ಗಂಟುಗಂಟು.

ಮಧ್ಯಾಹ್ನದ ಹೊತ್ತಿಗೆ ಓಬಯ್ಯ ದಣಿದಿದ್ದ. ಸುವರ್ಣಮ್ಮ ಒಂದು ಸೊಟ್ಟ ತುಂಡನ್ನು ನಿಲ್ಲಿಸಲು ಒದ್ದಾಡುತ್ತಿದ್ದಳು. ಗೋಡೆಯಾಚೆಯಿಂದ ಪಕ್ಕದ ಮನೆಯವರು, "ಮಗಳು ನಾಳೆನೇ ಬರ್ತಾಳಾ?" ಎಂದು ಕೇಳಿದರು.

"ಹ್ಞೂಂ" ಎಂದರು ಸುಭದ್ರಮ್ಮ.

ಕೊಡಲಿ ಇಳಿಯಿತು.

ಸುವರ್ಣಮ್ಮನ ಗಾಜಿನ ಬಳೆ ಚೂರಾಯಿತು. ಮುಂಗೈಯಿಂದ ರಕ್ತ ಒಸರಿತು. ಅವಳು ಇನ್ನೊಂದು ಕೈಯಿಂದ ಗಾಯವನ್ನು ಒತ್ತಿ ಹಿಡಿದಳು.

"ಏನಾಯ್ತೇ? ಮಾತಾಡೇ ಮಾರಾಯ್ತಿ! ಬೆರಳು ಹೋಯ್ತಾ?" ಓಬಯ್ಯ ಮಂಡಿಯೂರಿ, ಚೆಕ್ಕೆಗಳ ನಡುವೆ ಹೆಂಡತಿಯ ಬೆರಳಿಗಾಗಿ ತಡಕಾಡತೊಡಗಿದ.

"ಬೆರಳು ಇದಾವೆ. ಮೇಲೇಳು," ಎಂದಳು. ಅಷ್ಟರಲ್ಲಿ ಸುಭದ್ರಮ್ಮ ಎಲ್ಲ ನೋಡಿಬಿಟ್ಟಿದ್ದರು.

"ಓಬಯ್ಯಾ, ನಿಂಗೆ ಕಣ್ಣು ಕಾಣಲ್ವಾ? ಇಷ್ಟು ದಿನ ಹೀಗೇ ಒಡೀತಿದ್ಯಾ?" ಅವನು ತಡಕಿ ಕೊಡಲಿ ಎತ್ತಿಕೊಂಡ. "ಕೊಡಲಿ ಕೆಳಗಿಡು. ನಾಳೆ ಕೂಸು ಬರೋ ಮನೆ ಇದು. ಬೇರೆ ಯಾರನ್ನಾದ್ರೂ ಕರೆಸ್ತೀನಿ."

"ಈಗ ಯಾರು ಸಿಗ್ತಾರಮ್ಮಾ? ನಾನೇ ಒಡೀತೀನಿ," ಎಂದಳು ಸುವರ್ಣಮ್ಮ.

"ಹೆಂಗಸು ಕೊಡಲಿ ಹಿಡಿಯೋದುಂಟೇನೆ?"

"ಕೂಸಿಗೆ ಬೆಂಕಿ ಬೇಕಲ್ವಾ ಅಮ್ಮಾ?"

ಸುಭದ್ರಮ್ಮ ಒಳಗಿನಿಂದ ಅರಿಶಿನ, ಬಟ್ಟೆ ತಂದು ಅವಳ ಕೈಗೆ ಕಟ್ಟಿದರು. ಮೊದಲ ಏಟು ಜಾರಿ ನೆಲಕ್ಕೆ ಬಿತ್ತು. ಗೋಡೆಗೊರಗಿ ಕೂತಿದ್ದ ಓಬಯ್ಯ ಸದ್ದು ಕೇಳಿ ಕೂಗಿದ.

"ನಡುವಿಗೆ ಹೊಡೀಬೇಡ, ಅಂಚಿಗೆ ಹಾಕು! ಕಾಲು ಅಗಲಿಸಿ ನಿಂತ್ಕೊಂಡಿದೀಯಾ? ಹೇಳೇ!"

"ನಿಂತಿದೀನಿ, ಸುಮ್ನಿರು."

ಇಷ್ಟು ದಿನ ಅವಳು ನುಂಗಿಕೊಂಡಿದ್ದ ದಿಗಿಲೆಲ್ಲ ಈಗ ಅವನ ಪಾಲಿಗೆ ಬಂತು. ಪ್ರತಿ ಏಟಿನ ನಂತರವೂ ಹೆಂಡತಿಯ ದನಿ ಕೇಳುವ ತನಕ ಅವನು ಕೂತಲ್ಲೇ ಅರ್ಧ ಮೇಲೆದ್ದಿರುತ್ತಿದ್ದ. ಸಂಜೆಗೆ ಅರ್ಧ ರಾಶಿ ಒಡೆದಾಯಿತು. ಬಾಣಂತಿಗೆ ಅಷ್ಟು ಸದ್ಯಕ್ಕೆ ಸಾಕು, ಉಳಿದದ್ದಕ್ಕೆ ನಾಳೆ ಬಾ ಎಂದು ಸುಭದ್ರಮ್ಮನೇ ಹೇಳಿದರು.

ಮನೆಗೆ ಹೋಗುವ ದಾರಿಯಲ್ಲಿ ಓಬಯ್ಯ ಅವಳ ಭುಜ ಹಿಡಿದು ನಡೆಯುತ್ತ, "ಆಸ್ಪತ್ರೆಗೆ ಯಾವತ್ತು ಹೋಗಣ?" ಎಂದ.

ಆಪರೇಷನ್ನಿನಿಂದ ಒಂದು ಕಣ್ಣು ತಿಳಿಯಾಯಿತು, ಇನ್ನೊಂದು ಆಗಲಿಲ್ಲ. ಸೌದೆ ಒಟ್ಟಲು ಅಷ್ಟು ಸಾಕಿತ್ತು. ಒಡೆಯುವ ಕೆಲಸ ಸುವರ್ಣಮ್ಮನದೇ ಆಯಿತು. ಆದರೆ ಅವಳು ಕೊಡಲಿ ಎತ್ತಿದಾಗಲೆಲ್ಲ ಕೂತಲ್ಲಿಂದ ಅರ್ಧ ಮೇಲೇಳುವ ಅಭ್ಯಾಸ ಮಾತ್ರ ಅವನನ್ನು ಕೊನೆವರೆಗೂ ಬಿಡಲಿಲ್ಲ.