ಒಂದು ವೈರಿನಷ್ಟು ದೂರ

ಹೊಸ ಮೊಬೈಲುಗಳ ಅಡಿಯಲ್ಲಿ ಈಗ ಒಂದೇ ತೂತು. ಹಿಂದೆ ಎರಡಿರುತ್ತಿದ್ದವು. ಒಂದು ಚಾರ್ಜಿಗೆ, ಇನ್ನೊಂದು ದುಂಡನೆಯದು, ಇಯರ್‌ಫೋನಿನ ವೈರಿಗೆ. ಆ ದುಂಡನೆಯದು ಯಾವಾಗ ಹೋಯಿತೆಂದು ನಿಮ್ಮಲ್ಲಿ ಹೆಚ್ಚಿನವರು ಗಮನಿಸಿರಲಿಕ್ಕಿಲ್ಲ. ಗಮನಿಸಿದವರೂ ಸ್ವಲ್ಪ ಗೊಣಗಿ, ಸುಲಿದ ಶೇಂಗಾಬೀಜದಂಥ ಎರಡು ಬಿಳಿ ತುಂಡುಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಮುಂದೆ ಸಾಗಿರುತ್ತೀರಿ. ಬೆಳಿಗ್ಗೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ವಾಕಿಂಗ್ ಹೋಗುವವರನ್ನು ನಮ್ಮ ಮಹಡಿಯಿಂದ ನೋಡುತ್ತೇನೆ. ಯಾರ ಕೊರಳಲ್ಲೂ ವೈರಿಲ್ಲ. ಎಲ್ಲರೂ ಗಾಳಿಯೊಡನೆ ಜಗಳವಾಡುತ್ತ, ಮತ್ತೆ ಗಾಳಿಗೇ ಸಮಾಧಾನ ಹೇಳುತ್ತ ನಡೆಯುತ್ತಾರೆ. ಲೋಕದಲ್ಲಿ ಇಷ್ಟೆಲ್ಲ ಹೋಗುತ್ತಿರುವಾಗ ಒಂದು ತೂತು ಹೋದದ್ದಕ್ಕೆ ಯಾರಾದರೂ ದುಃಖಪಡುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಪಟ್ಟಿದ್ದೇನೆ. ಈ ಊರಿನಲ್ಲಿ ಅದಕ್ಕಾಗಿ ಅತ್ತವಳು ಬಹುಶಃ ನಾನೊಬ್ಬಳೇ.

ನಮ್ಮ ಮನೆಯವರು ಭದ್ರಾವತಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಕಳೆದ ಮಳೆಗಾಲದ ಕೊನೆಯಲ್ಲಿ ತೀರಿಕೊಂಡರು. ಈ ಎರಡು ವಾಕ್ಯಗಳ ನಡುವೆ ಇರುವುದನ್ನು ಹೇಳಬೇಕೆಂದೇ ಕುಳಿತಿದ್ದೇನೆ; ಹೈಸ್ಕೂಲಿನ ಆಚೆ ಓದಿದವಳಲ್ಲ, ಹಾಗಾಗಿ ಸಾಲುಗಳು ಎಲ್ಲಾದರೂ ತೊಡರಿದರೆ ಸಹಿಸಿಕೊಳ್ಳಿ.

ಹಿಟ್ಟಿನ ಮಿಲ್ಲಿನೊಳಗೆ ಮಾತಿಗೆ ಜಾಗವಿಲ್ಲ. ಕಲ್ಲಿನ ಗುರುಗುಟ್ಟುವಿಕೆ, ಬೆಲ್ಟಿನ ಪಟಪಟ, ಮೇಲೆ ತಗಡಿನ ಸೂರು. ಬರುವ ಹೆಂಗಸರಲ್ಲಿ ಕನ್ನಡದವರಷ್ಟೇ ತಮಿಳಿನವರು, ತೆಲುಗಿನವರು. ಹೀಗಾಗಿ ನಮ್ಮ ಮಿಲ್ಲಿಗೆ ತನ್ನದೇ ಒಂದು ಭಾಷೆ ಹುಟ್ಟಿಕೊಂಡಿತ್ತು. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿದರೆ ನುಣ್ಣಗೆ ಬೀಸಬೇಕು. ಮುಷ್ಟಿ ಹಿಡಿದು ತಿರುವಿದರೆ ತರಿ. ಅಂಗೈ ಅಲ್ಲಾಡಿಸಿದರೆ ಕರೆಂಟಿಲ್ಲ, ನಾಳೆ ಬಾ. ಇದರ ಜೊತೆಗೆ ಇವರು ಎದುರಿಗಿದ್ದವರ ತುಟಿಯನ್ನು ಓದುವುದರಲ್ಲಿ ಪಂಡಿತರಾದರು. ಆ ಪಾಂಡಿತ್ಯದ ಮರೆಯಲ್ಲಿ ಕಿವಿ ಮೆಲ್ಲಮೆಲ್ಲನೆ ಹೊರಟುಹೋದದ್ದು ಯಾರಿಗೂ ತಿಳಿಯಲಿಲ್ಲ. ಮನೆಯಲ್ಲಿ ನಾನು ಒಲೆಯ ಕಡೆ ಮುಖಮಾಡಿ, ಬೆನ್ನಿನಿಂದಲೇ ಮಾತನಾಡುವವಳು. ಉತ್ತರ ಬರುತ್ತಿರಲಿಲ್ಲ. ಆದರೆ ಗಂಡಸರು ಮನೆಯಲ್ಲಿ ಉತ್ತರ ಕೊಡದಿರುವುದನ್ನು ಕಾಯಿಲೆಯೆಂದು ಯಾವ ಹೆಂಡತಿ ತಾನೇ ಸಂಶಯಪಟ್ಟಾಳು?

ಮಿಲ್ಲು ಮುಚ್ಚಿ, ಇಲ್ಲಿಯ ನವುಲೆ ಬಡಾವಣೆಯಲ್ಲಿರುವ ಮಗಳು ಶೈಲಾಳಿಗೆ ಹತ್ತಿರವಾಗಲೆಂದು ನಾವು ಶಿವಮೊಗ್ಗಕ್ಕೆ ಬಂದ ಮೇಲೆ ವಿಷಯ ಬಯಲಾಯಿತು, ಅದೂ ನನಗೊಬ್ಬಳಿಗೆ. ಕದ್ದುಮುಚ್ಚಿ ಡಾಕ್ಟರ ಹತ್ತಿರ ಹೋದೆವು. ಅವರು ಕಿವಿಗೆ ಮಷಿನ್ ಹಾಕಿಸಿ ಎಂದರು. ಮನೆ ತಲುಪಿದ ಮೇಲೆ ಇವರು ಚಪ್ಪಲಿ ಬಿಡುತ್ತ ಹೇಳಿದರು:

"ಕಿವಿ ಹಿಂದೆ ಆ ಮಷಿನ್ ಕಂಡ ಕೂಡ್ಲೇ ಜನ ಮಕ್ಳನ್ನ ಮಾತಾಡಿಸ್ದಂಗೆ ಮಾತಾಡಿಸ್ತಾರೆ ಮಾರಾಯ್ತಿ. ನಂಗದು ಬೇಡ."

"ಬೇಡಾಂದ್ರೆ ಹೆಂಗ್ರೀ? ನಾನ್ ಹೇಳಿದ್ದು ಕೇಳಿಸ್ಬೇಕಲ್ಲ?" ಎಂದೆ, ತುಟಿ ಕಾಣುವಂತೆ ಎದುರಿಗೆ ನಿಂತು.

"ನೀ ಏನ್ ಹೇಳ್ತೀಯ ಅಂತ ನಂಗೆ ಗೊತ್ತೇ ಇರುತ್ತಲ್ಲ."

ಪೇಪರಿನ ಒಂದು ಮೂಲೆಯಲ್ಲಿ ನಾನು ಓದಿದೆ: ಮೊಬೈಲಿನಲ್ಲೇ ಒಂದು ಆ್ಯಪ್ ಹಾಕಿಕೊಂಡರೆ ಅದು ಸುತ್ತಲಿನ ಸದ್ದನ್ನು ಹಿಡಿದು, ದೊಡ್ಡದು ಮಾಡಿ, ಇಯರ್‌ಫೋನಿನ ವೈರಿನಿಂದ ಕಿವಿಗೆ ಮುಟ್ಟಿಸುತ್ತದಂತೆ. ಕನ್ನಡಕ ಏರಿಸಿ, ಯಾರನ್ನೂ ಕೇಳದೆ ಅದನ್ನು ಹಾಕಿದೆ. ಜೀವನದಲ್ಲಿ ನಾನು ಹೆಮ್ಮೆಪಡುವ ಕೆಲಸಗಳಲ್ಲಿ ಹೋಳಿಗೆ ಹರಿಯದಂತೆ ಲಟ್ಟಿಸುವುದನ್ನು ಬಿಟ್ಟರೆ ಇದೊಂದೇ. ಇವರ ಕಿವಿಗೆ ವೈರು ಸಿಕ್ಕಿಸಿ, ಫೋನನ್ನು ಮೈಕಿನಂತೆ ಬಾಯಿಯ ಹತ್ತಿರ ಹಿಡಿದು, "ಕಾಫಿ ಕುಡೀತೀರಾ?" ಎಂದು ಮೆಲ್ಲಗೆ ಕೇಳಿದೆ. ಇವರು ಕುರ್ಚಿಯಲ್ಲಿ ಎಗರಿಬಿದ್ದರು.

"ಕೂಗ್ಬೇಡ ಮಾರಾಯ್ತಿ, ಬೀದಿಗೆಲ್ಲಾ ಕೇಳುತ್ತೆ!"

ಇಯರ್‌ಫೋನೆಂದರೆ ಇವರಿಗೆ ಅಡ್ಡಿಯಿರಲಿಲ್ಲ. ಕಾಲೇಜು ಹುಡುಗರಿಂದ ಹಿಡಿದು ಆಟೋದವರವರೆಗೆ ಎಲ್ಲರ ಕಿವಿಯಲ್ಲೂ ಅದಿತ್ತು. ಹಾಡು ಕೇಳುವವನನ್ನು ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ. ಅಂದಿನಿಂದ ನಮ್ಮ ಸಂಸಾರ ಒಂದು ವೈರಿನಷ್ಟು ದೂರದೊಳಗೆ ನಡೆಯಿತು. ಮದುವೆಯಾದ ಹೊಸದರಲ್ಲಿ ಅತ್ತೆ ಮಾವ ನಾದಿನಿಯರ ನಡುವೆ ಅಷ್ಟು ಹತ್ತಿರ ಕೂರುವ ಭಾಗ್ಯವಿರಲಿಲ್ಲ. ಈಗ ನಾನು ಸೊಪ್ಪು ಬಿಡಿಸುತ್ತ ಮಿಲ್ಲಿನ ಕಾಲದ ಸುದ್ದಿ, ಕೆಳಗಿನ ಮನೆಯವರ ಸುದ್ದಿ, ನನ್ನ ಮಂಡಿನೋವಿನ ಸುದ್ದಿ ಎಲ್ಲವನ್ನೂ ಫೋನಿಗೆ ಹೇಳುತ್ತಿದ್ದೆ; ವೈರಿನ ಆ ತುದಿಯಲ್ಲಿ ಇವರು ತಲೆ ಓರೆಮಾಡಿ ಹೂಂಗುಟ್ಟುತ್ತಿದ್ದರು. ಹೇಳದೆ ಉಳಿದಿದ್ದ ಎಷ್ಟೋ ವರ್ಷಗಳ ಮಾತನ್ನು ಆ ದಿನಗಳಲ್ಲಿ ಹೇಳಿ ಮುಗಿಸಿದೆನೆಂದೇ ನಾನು ನಂಬಿದ್ದೆ.

ಹೊರಗೆ ಹೋದಾಗ ಇವರು ಫೋನನ್ನು ಅಂಗಿಯ ಜೇಬಿನಲ್ಲಿ ತಲೆಕೆಳಗಾಗಿ ಇಡುತ್ತಿದ್ದರು, ಮೈಕು ಮೇಲೆ ಬರುವಂತೆ. ಭದ್ರಾವತಿಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಹಳೆಯ ಗಿರಾಕಿಯೊಬ್ಬರು ಇವರ ಕಿವಿಯ ವೈರನ್ನು ನೋಡಿ ಬಾಗಿದರು.

"ಏನ್ ಸಾವ್ಕಾರ್ರೇ, ಸ್ಕೋರ್ ಎಷ್ಟಾಯ್ತು?"

"ನಾಲ್ಕು ಹೋಯ್ತು," ಎಂದರು ಇವರು, ಗಂಭೀರವಾಗಿ.

"ಇವತ್ತು ಮ್ಯಾಚೇ ಇಲ್ವಲ್ರೀ!"

"ಹಳೇ ಮ್ಯಾಚು. ಸೋಲ್ತೀವಿ ಅಂತ ಮೊದ್ಲೇ ಗೊತ್ತಿರುತ್ತೆ ನೋಡಿ, ಟೆನ್ಷನ್ ಇರಲ್ಲ."

ನಾನು ಎಲೆಯ ಕಡೆ ಬಾಗಿ ನಗು ನುಂಗಿದೆ. ಮಗಳಿಗೂ ಇವರು ಹೇಳಲು ಬಿಡಲಿಲ್ಲ. "ಅಪ್ಪಂಗೆ ಈಗ ಹಾಡಿನ ಹುಚ್ಚು ಹಿಡಿದಿದೆ" ಎಂದು ಶೈಲಾ ತನ್ನ ಗೆಳತಿಯರಿಗೆ ಹೇಳಿಕೊಂಡು ಸಂತೋಷಪಡುತ್ತಿದ್ದಳು. ಇವರಿಗೆ ಆ ಹೆಸರು ಒಪ್ಪಿತ್ತು.

ಒಂದು ದಿನ ಬಟ್ಟೆ ನೆನೆಸಿದ ಬಕೆಟ್ಟಿನ ಮೇಲೆ ಇವರು ಬಾಗಿದರು. ಜೇಬಿನ ಫೋನು ಸೋಪಿನ ನೀರಿಗೆ ಜಾರಿತು. ಫೋನು ಹಾಳಾದದ್ದು ತಿಳಿದ ಶೈಲಾ ಸಂಜೆಯೇ ಹೊಸ ಫೋನಿನೊಂದಿಗೆ ಬಂದಳು. ತುಂಬ ಒಳ್ಳೆಯ ಫೋನು. ಜೊತೆಗೆ ಡಬ್ಬಿಯಲ್ಲಿ ಆ ಬಿಳಿ ಬೀಜಗಳು.

"ಅಪ್ಪಾ, ಇದ್ರಲ್ಲಿ ಹಾಡು ಕೇಳಿ ನೋಡಿ, ಪಕ್ಕದಲ್ಲೇ ಕೂತು ಹಾಡ್ದಂಗಿರುತ್ತೆ!"

ಇವರು ಅವಳ ತುಟಿ ಓದಿ ನಕ್ಕರು. ಅವಳು ಹೊರಟ ಮೇಲೆ ಫೋನನ್ನು ನಾಲ್ಕೂ ಕಡೆ ತಿರುಗಿಸಿ ನನ್ನ ಮುಂದೆ ಹಿಡಿದು ಕೇಳಿದರು: "ತೂತೆಲ್ಲಿ?"

ಹಳೆಯದನ್ನು ರಿಪೇರಿ ಮಾಡಿಸಲೆಂದು ನಾನು ಗಾಂಧಿ ಬಜಾರಿನ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಸತ್ತ ಜಿರಲೆಯಂತೆ ಎತ್ತಿ ನೋಡಿದ.

"ಇದರ ಕಥೆ ಮುಗೀತಮ್ಮಾ. ಈಗೆಲ್ಲಾ ಹೊಸಾದ್ರಲ್ಲಿ ಆ ತೂತು ಬರಲ್ಲ. ವೈರು ಗಂಟಾಗೋದು, ಕಿತ್ತೋಗೋದು, ಯಾರಿಗ್ಬೇಕು?"

ಪಕ್ಕದಲ್ಲಿ ಸ್ಕ್ರೀನ್ ಗಾರ್ಡ್ ಹಾಕಿಸುತ್ತಿದ್ದ ದಪ್ಪನೆಯ ಗಿರಾಕಿಯೊಬ್ಬರು ತಿರುಗಿದರು. "ಯಾರಿಗ್ಬೇಕು ಅಂದ್ರೆ? ನಂಗ್ಬೇಕು ಮಾರಾಯ! ವೈರಿಗೆ ಚಾರ್ಜ್ ಹಾಕ್ಬೇಕಾ? ನಿನ್ನ ಆ ಬಿಳಿ ತುಂಡುಗಳಿಗೆ ದಿನಾ ಊಟ ಹಾಕ್ಬೇಕು. ಒಂದು ಕಳೆದ್ರೆ ಇನ್ನೊಂದನ್ನ ಮುಂದಿಟ್ಕೊಂಡು ಭಜನೆ ಮಾಡ್ಬೇಕು."

"ನೀರು ಒಳಗೋಗ್ಬಾರ್ದು ಅಂತ ಮುಚ್ಚಿದಾರೆ ಸಾರ್. ಅಮ್ಮನ ಫೋನು ಹೋಗಿದ್ದೂ ಅದ್ರಿಂದ್ಲೇ."

"ಅಂದ್ರೆ ಚಾರ್ಜಿನ ತೂತು ಕಂಡ್ರೆ ನೀರು ನಾಚ್ಕೊಂಡು ವಾಪಸ್ ಹೋಗುತ್ತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ಅದಿನ್ನೂ ನಗುವ ವಿಷಯವಾಗಿತ್ತು. ಅಂಗಡಿಯವನು ಚಾರ್ಜಿನ ತೂತಿಗೆ ಸಿಕ್ಕಿಸುವ ಗಿಡ್ಡ ಬಾಲವೊಂದನ್ನು ಕೊಟ್ಟು, "ಇದಕ್ಕೆ ನಿಮ್ಮ ವೈರು ಹಾಕ್ಕೊಳ್ಳಿ" ಎಂದ. ಕಡಿಮೆ ಬೆಲೆಯ ಫೋನುಗಳಲ್ಲಿ ದುಂಡು ತೂತು ಇನ್ನೂ ಬರುತ್ತದೆಂದೂ ಹೇಳಿದ. ಕೊಳ್ಳೋಣವೆಂದು ನಾನಂದರೆ ಇವರು ಕೈ ಅಡ್ಡ ಹಿಡಿದರು. "ಮಗು ಆಸೆಪಟ್ಟು ತಂದಿದಾಳೆ. ಸ್ವಲ್ಪ ದಿನ ಹೋಗ್ಲಿ."

ಬಿಳಿ ಬೀಜಗಳಲ್ಲಿ ನನ್ನ ಮಾತು ಒಂದು ಕ್ಷಣ ತಡವಾಗಿ ಮುಟ್ಟುತ್ತಿತ್ತು. ಹಾಡಿಗೆ ಅದರಿಂದ ನಷ್ಟವಿಲ್ಲ. ಆದರೆ ಜೀವಮಾನವಿಡೀ ತುಟಿ ಓದಿದ ಮನುಷ್ಯನಿಗೆ ತುಟಿ ಮುಚ್ಚಿದ ಮೇಲೆ ಮಾತು ಬಂದರೆ ತಲೆ ತಿರುಗುತ್ತದೆ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಬೀಜಗಳನ್ನು ತೆಗೆದು ಡಬ್ಬಿಗೆ ಹಾಕಿದರು. ಬಾಲದಲ್ಲಿ ಆ ತೊಂದರೆಯಿರಲಿಲ್ಲ. ಆದರೆ ಅದನ್ನು ಹಾಕಿದರೆ ಚಾರ್ಜು ಹಾಕುವಂತಿಲ್ಲ. ಒಂದೇ ಬಾಯಿ, ಉಣ್ಣಬೇಕು, ಇಲ್ಲವೇ ಮಾತಾಡಬೇಕು.

"ಸ್ವಲ್ಪ ದಿನ" ಹೋಗಲೇ ಇಲ್ಲ. ಜ್ವರವೆಂದು ಶುರುವಾದದ್ದು ಎದೆಗೆ ಇಳಿದು, ಇವರನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಡಾಕ್ಟರ, ನರ್ಸುಗಳ ಮುಖದ ಮೇಲೆಲ್ಲ ಮಾಸ್ಕು. ಓದಲು ಒಂದು ತುಟಿಯೂ ಇಲ್ಲ. ಎಲ್ಲರೂ ಬಂದು ಇವರ ಮೇಲೆ ಬಾಗಿ ಏನೋ ಹೇಳಿ ಹೋಗುತ್ತಿದ್ದರು. ಇವರು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ನೆಂಟರ ಕರೆಗಳಿಂದ ಫೋನು ಖಾಲಿಯಾಗುತ್ತಿತ್ತು, ಪ್ಲಗ್ಗು ವಾರ್ಡಿನ ಆಚೆ ಗೋಡೆಯಲ್ಲಿತ್ತು. ಫೋನು ಅಲ್ಲಿ ಉಣ್ಣುತ್ತಿದ್ದಷ್ಟು ಹೊತ್ತು ನಾವಿಬ್ಬರೂ ಮೂಗರು. ಮಿಲ್ಲಿನ ಕೈಸನ್ನೆಗಳನ್ನು ಪ್ರಯತ್ನಿಸಿದೆ. ಆ ಭಾಷೆಯಲ್ಲಿ ರಾಗಿಯಿತ್ತು, ಗೋಧಿಯಿತ್ತು, ನಾಳೆ ಬಾ ಎನ್ನುವುದಿತ್ತು. ನೋವಿದೆಯೇ ಎಂದು ಕೇಳಲು ಸನ್ನೆಯಿರಲಿಲ್ಲ. ಹುಬ್ಬೆತ್ತಿ ಕೇಳಿದೆ. ಇವರು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ತೋರಿಸಿದರು. ಎಲ್ಲ ನಯವಾಗಿದೆ ಎಂದರೋ, ನುಣ್ಣಗೆ ಹಿಟ್ಟಾಗಿದ್ದೇನೆ ಎಂದರೋ, ಇವತ್ತಿಗೂ ತಿಳಿಯದು.

ಒಂದು ಮಧ್ಯಾಹ್ನ ನಾನು ಇವರ ದಿಂಬು ಸರಿಮಾಡುತ್ತ, "ಶೈಲಾ ಹೊರಟಿದಾಳಂತೆ, ಈಗ ಬರ್ತಾಳೆ" ಎಂದೆ. ನನ್ನ ಮುಖದ ಮೇಲೂ ಮಾಸ್ಕಿತ್ತು.

"ಏನಂದೆ?" ಎಂದರು.

ನಾನು ಫೋನು ತರಲು ಗೋಡೆಯ ಕಡೆ ಓಡಿದೆ. ಮಾಸ್ಕು ಇಳಿಸಿದ್ದರೆ ಸಾಕಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬಾಲ ಸಿಕ್ಕಿಸಿ, ವೈರು ಬಿಡಿಸಿಕೊಂಡು ಬರುವಷ್ಟರಲ್ಲಿ ನರ್ಸುಗಳು ಮಂಚದ ಸುತ್ತ ಸೇರಿದ್ದರು. ಇವರನ್ನು ಒಳಗಿನ ಕೋಣೆಗೆ ಒಯ್ದರು. ಅಲ್ಲಿಂದ ಇವರು ಹೊರಗೆ ಬರಲಿಲ್ಲ. ನನಗೆ ಉಳಿದ ಇವರ ಕೊನೆಯ ಮಾತು ಒಂದು ಪ್ರಶ್ನೆ. ಅದಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು.

ಶಿವಗಣಾರಾಧನೆಗೆ ಬಂದವರಿಗೆಲ್ಲ ಶೈಲಾ, "ಅಪ್ಪ ಹಾಡು ಕೇಳ್ಕೊಂಡು ಖುಷಿಯಾಗೇ ಇದ್ರು" ಎನ್ನುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ. ಮನಸ್ಸಿನೊಳಗೆ ಮಾತ್ರ ತೂತು ಮುಚ್ಚಿದವರೊಡನೆ ಹಗಲೂ ರಾತ್ರಿಯೂ ಜಗಳವಾಡುತ್ತಿದ್ದೆ. ಎಲ್ಲೋ ದೂರದ ದೇಶದಲ್ಲಿ ಯಾರೋ ಒಬ್ಬ, ಫೋನು ಇನ್ನಷ್ಟು ತೆಳ್ಳಗಾಗಲೆಂದು ಗೆರೆ ಎಳೆದು ನಮ್ಮ ಮಾತು ಕಿತ್ತುಕೊಂಡನೆಂದು ಬೈಯುತ್ತಿದ್ದೆ. ಆ ಸಿಟ್ಟು ಒಂದು ಆಸರೆಯಾಗಿತ್ತು. ತೂತೊಂದಿದ್ದರೆ ಇವರು ಕೇಳಿಸಿಕೊಂಡಿರುತ್ತಿದ್ದರು ಎಂಬುದರಲ್ಲಿ, ತೂತಿದ್ದಷ್ಟು ಕಾಲ ಕೇಳಿಸಿಕೊಂಡಿದ್ದರು ಎಂಬುದೂ ಸೇರಿತ್ತಲ್ಲ.

ಈಚೆಗೆ ಒಂದು ದಿನ ಶೈಲಾ, "ಅಪ್ಪಂಗೆ ಯಾವ ಹಾಡು ಇಷ್ಟವಾಗಿತ್ತಮ್ಮಾ?" ಎಂದು ಕೇಳಿದಾಗ ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ. "ಹಂಗಾದ್ರೆ ನಾನು ಆ ಫೋನ್ ತರ್ದೇ ಇದ್ದಿದ್ರೆ..." ಎಂದವಳು ವಾಕ್ಯ ಮುಗಿಸದೆ ಎದ್ದು ಹೋದಳು. ಮರುದಿನ ಬಂದು ಟೇಬಲ್ಲಿನ ಮೇಲೆ ಒಂದು ಅಗ್ಗದ ಫೋನು ಇಟ್ಟಳು. ಅದಕ್ಕೆ ದುಂಡನೆಯ ತೂತಿತ್ತು.

ಆ ಆ್ಯಪನ್ನು ಹಾಕಿ, ವೈರು ಸಿಕ್ಕಿಸಿ, ಮೊದಲ ಸಲ ನನ್ನ ಕಿವಿಗೇ ಇಟ್ಟುಕೊಂಡೆ. ಇವರ ತುದಿಯಲ್ಲಿ ನಾನು ಎಂದೂ ಕೂತಿರಲಿಲ್ಲ. ಫ್ಯಾನು ಮಿಲ್ಲಿನಂತೆ ಗುರುಗುಟ್ಟಿತು. ರಸ್ತೆಯ ಆಟೋ ಹಾಲಿನೊಳಗೇ ನುಗ್ಗಿತು. ಕೆಳಗಿನ ಮನೆಯ ಕುಕ್ಕರು, ನನ್ನ ಸೆರಗಿನ ಸರಪರ, ಫೋನಿಗೆ ತಗುಲಿದ ನನ್ನ ಬಳೆ, ಎಲ್ಲವೂ ಒಂದರ ಮೇಲೊಂದು ಬಿದ್ದವು. ಆ್ಯಪಿಗೆ ಇದು ಮಾತು, ಇದು ಸದ್ದು ಎಂಬ ಭೇದವೇ ಇಲ್ಲ. ಎದುರಿಗೆ ಕೂತು ಶೈಲಾ ಏನೋ ಹೇಳುತ್ತಿದ್ದಳು. ಅವಳ ದನಿ ಆ ಸಂತೆಯಲ್ಲಿ ಎಲ್ಲೋ ಒಂದು ಕಡೆ ಏಳುತ್ತ ಮುಳುಗುತ್ತ ಇತ್ತು. ಚೆನ್ನಾಗಿರುವ ನನ್ನ ಕಿವಿಗೇ ಅರ್ಧ ಮಾತು ದಕ್ಕಲಿಲ್ಲ. ಸೊಪ್ಪು ಬಿಡಿಸುತ್ತ, ತಲೆ ತಗ್ಗಿಸಿ, ಫೋನಿನ ಮರೆಯಲ್ಲಿ ತುಟಿ ಕಾಣದಂತೆ ನಾನು ಅಷ್ಟು ದಿನ ಆಡಿದ್ದೆಲ್ಲ ಇವರಿಗೆ ಹೀಗೆ ಮುಟ್ಟಿತ್ತು. ಇವರು ಹೂಂಗುಟ್ಟಿದ್ದು ಮಾತಿಗಲ್ಲ, ನಾನು ಪಕ್ಕದಲ್ಲಿ ಕೂತದ್ದಕ್ಕೆ.

ಶೈಲಾ ನನ್ನ ಮೊಣಕಾಲು ಅಲುಗಿಸಿದಳು. ವೈರು ತೆಗೆದೆ. "ಚೆನ್ನಾಗ್ ಕೇಳುತ್ತಾಮ್ಮಾ ಇದ್ರಲ್ಲಿ?" ಎಂದು ಕೇಳಿದಳು. ಹೌದೆಂದರೆ ಅಪ್ಪನ ಮಾತು ಕಸಿದವಳು ತಾನೆಂದು ಅವಳು ಜೀವಮಾನ ಹೊತ್ತು ತಿರುಗಬೇಕು. ಇಲ್ಲವೆಂದರೆ ಆ ಹತ್ತಿರದ ದಿನಗಳಲ್ಲಿ ನಾನು ಬರೀ ಫೋನಿಗೆ ಹೇಳಿಕೊಂಡಿದ್ದೆನೆಂದು ನನ್ನ ಬಾಯಿಂದಲೇ ಒಪ್ಪಬೇಕು.

"ಇಲ್ಲ ಕಣೇ," ಎಂದೆ. "ಇದ್ರಲ್ಲೂ ಏನೂ ಸರಿಯಾಗ್ ಕೇಳಲ್ಲ. ಬರೀ ಫ್ಯಾನಿನ ಸದ್ದು."

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಇವರು ಹೋದ ಮೇಲೆ ಮೊದಲ ಬಾರಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾಗಿ, ಮುಖ ತೊಳೆದು, ಸಂಜೆಯಾಗುವ ಮುಂಚೆ ನವುಲೆಗೆ ಹೊರಟಳು. ನಾನು ಮಹಡಿಯಲ್ಲಿ ನಿಂತೆ. ರಸ್ತೆಯಲ್ಲಿ ಎಂದಿನಂತೆ ಜನ ತಮ್ಮಷ್ಟಕ್ಕೆ ಮಾತಾಡಿಕೊಂಡು ಹೋಗುತ್ತಿದ್ದರು. ಫೋನಿಗೆ ತೂತಿರಬೇಕೋ ಬೇಡವೋ ಎಂಬ ವಾದದಲ್ಲಿ ಈಗ ನನ್ನದೇನೂ ಇಲ್ಲ. ಬೈಯಲು ದೂರದ ದೇಶದಲ್ಲಿ ಒಬ್ಬನಿದ್ದ, ಅವನೂ ಹೋದ.