ಜೋಗುಳದಲ್ಲಿದ್ದ ಹೆಸರು

ಅದು ೨೦೨೪ನೆಯ ಇಸವಿ. ನನಗಾಗ ಐವತ್ತೆರಡು ವರ್ಷ. ತಂಗಿ ಲಲಿತೆಯ ಕಾರಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದೆ. ನಾವು ಬೆಳೆದದ್ದು ಅಲ್ಲಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಆ ಮನೆಯಲ್ಲಿ ಅಮ್ಮ ಹಾಡಿದ್ದ ಜೋಗುಳವನ್ನು ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅಮ್ಮ ತೀರಿಕೊಂಡ ಮೇಲೆ ಸಿಕ್ಕಿದ ಆ ಹಾಡು ಈಗ ನನ್ನ ಮೊಬೈಲಿನಲ್ಲಿತ್ತು.

ತೊಟ್ಟಿಲಲ್ಲಿರುವ ಮಗುವಿನ ಹೆಸರನ್ನು ಸೇರಿಸಿಯೇ ಅಮ್ಮ ಜೋಗುಳ ಹಾಡುತ್ತಿದ್ದಳು. ಆದರೆ ಮೊಬೈಲಿನಲ್ಲಿ ಕೇಳಿದರೆ ಹೆಸರಿನ ಜಾಗದಲ್ಲಿ ಬರಿಯ ಗರಗರ ಸದ್ದು. ಅದು ನನ್ನ ಹೆಸರೆಂದು ನಾನೂ ತನ್ನದೆಂದು ಲಲಿತೆಯೂ ಅಂದಿನಿಂದ ವಾದಿಸುತ್ತಿದ್ದೆವು.

“ಕಾರಿನ ಸ್ಪೀಕರಿಗೆ ಹಾಕಣ್ಣ. ಇವತ್ತು ನೀನು ಸೋತೆ ಅಂತ್ಲೇ ತಿಳ್ಕೋ,” ಎಂದಳು.

ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಗಾಜುಗಳನ್ನು ಏರಿಸಿ, ಬ್ಲೂಟೂತ್ ಜೋಡಿಸಿದೆವು. ನಾಲ್ಕೂ ಬಾಗಿಲುಗಳಿಂದ ಅಮ್ಮ ಹಾಡತೊಡಗಿದಳು. ಗರಗರದ ನಡುವೆಯೂ ಹೆಸರು ಸ್ಪಷ್ಟವಾಗಿ ಕೇಳಿಸಿತು: ಸೆಲ್ವಿ.

ಸೆಲ್ವಿ ಪಕ್ಕದ ಮನೆಯ ತಮಿಳು ದಂಪತಿಯ ಮಗಳು. ಅವರಿಬ್ಬರೂ ಕೆಲಸಕ್ಕೆ ಹೋದಾಗ ಅವಳನ್ನು ಮಲಗಿಸುತ್ತಿದ್ದವಳು ಅಮ್ಮ.

“ಅಯ್ಯೋ ಮಾರಾಯ, ನಾವಿಬ್ರೂ ಅಲ್ವಲ್ಲೋ!” ಲಲಿತೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. “ಇನ್ನೊಂದ್ ಸಲ ಹಾಕು. ಆಮೇಲೆ ಅವಳ ನಂಬರ್ ಹುಡುಕಿ ಕಳ್ಸೋಣ. ಇದು ಅವಳ್ದು.”

ಇಬ್ಬರೂ ಸೋತು ನಮ್ಮ ವ್ಯಾಜ್ಯ ಇತ್ಯರ್ಥವಾದ ದಿನ: ಭಾನುವಾರ, ೧೭ ನವೆಂಬರ್ ೨೦೨೪.