ಪ್ರಿಯಾಳ ಜಾಗದಲ್ಲಿ ನಿಂತ ತಾಯಿ

ಭಾನುವಾರ ಬೆಳಗಿನ ಆನ್‌ಲೈನ್ ಕ್ಲಾಸಿನಲ್ಲಿ, ಪ್ರಿಯಾ ಕಾಣಿಸಬೇಕಾದ ಜಾಗದಲ್ಲಿ ಅವಳ ತಾಯಿ ಒಂಟಿ ಕಾಲ ಮೇಲೆ ನಿಂತಿದ್ದರು. ನನ್ನ ಮಗಳು ಕಿಸಕ್ಕನೆ ನಕ್ಕಳು.

ಇನ್ಸುಲಿನ್ ಚುಚ್ಚಿಸಿಕೊಂಡೇ ಬೆಳೆಯುತ್ತಿರುವ ಸಕ್ಕರೆ ಕಾಯಿಲೆಯ ಮಕ್ಕಳಿಗೆ, ಬೀಳದಂತೆ ನಿಲ್ಲುವ, ನಡೆಯುವ ವ್ಯಾಯಾಮಗಳನ್ನು ಮೇಡಂ ಒಬ್ಬರು ವಿಡಿಯೊದಲ್ಲಿ ಹೇಳಿಕೊಡುತ್ತಾರೆ. ಅಥಣಿಯ ನನ್ನ ಮಗಳಿಗೂ ಭೋಜ ಎಂಬ ಹಳ್ಳಿಯ ಪ್ರಿಯಾಳಿಗೂ ಗೆಳೆತನವಾದದ್ದು ಅಲ್ಲೇ. ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾದವರಲ್ಲ. ಒಂಟಿ ಕಾಲಲ್ಲಿ ಹೆಚ್ಚು ಹೊತ್ತು ನಿಲ್ಲುವ ಪೈಪೋಟಿಯಲ್ಲಿ ಯಾವಾಗಲೂ ಗೆಲ್ಲುತ್ತಿದ್ದವಳು ಪ್ರಿಯಾ. ಕೆಲವು ವಾರಗಳಿಂದ ಅವಳು ಬಂದಿರಲಿಲ್ಲ. ಪರೀಕ್ಷೆ ಇರಬಹುದೆಂದು ನಾವು ಅಂದುಕೊಂಡಿದ್ದೆವು.

“ಪ್ರಿಯಾ ಎಲ್ಲಿ ಅದಾಳ್ರಿ?” ಎಂದು ಮೇಡಂ ಕೇಳಿದರು.

ತಾಯಿ ಕಾಲು ಕೆಳಗಿಟ್ಟರು. “ಆಕಿ ಹೋಗಿಬಿಟ್ಲ್ರಿ ಮೇಡಂ. ಜ್ವರದಾಗ ಸಕ್ರಿ ಭಾಳ ಏರಿತ್ರಿ. ದವಾಖಾನಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಈ ಹುಡುಗೂರ್ನ ನೋಡಬೇಕ ಅನಿಸ್ತು, ಬಂದೀನ್ರಿ. ಕ್ಲಾಸಿಂದ ನನ್ನ ತಗೀಬ್ಯಾಡ್ರಿ.”

ನಾನು ಮೊಬೈಲ್ ಬಂದ್ ಮಾಡಲು ಕೈ ಚಾಚಿದೆ. ಮಗಳು ನನ್ನ ಕೈ ಸರಿಸಿ, ಅಳುತ್ತಲೇ, “ಮೌಶಿ, ನಾ ನಿಂದರ್ತೀನಿ, ನೋಡ್ರಿ” ಎಂದು ಪ್ರಿಯಾಳ ತಾಯಿಗೆ ಹೇಳಿ ಕಾಲೆತ್ತಿದಳು. ಅವಳು ತೂರಾಡಿ ಗೋಡೆ ಹಿಡಿಯುವವರೆಗೂ ಆ ತಾಯಿ ಕಣ್ಣು ಕೀಳದೆ ನೋಡುತ್ತಿದ್ದರು.

ಅವರು ಈಗಲೂ ಪ್ರತಿ ಭಾನುವಾರ ಬರುತ್ತಾರೆ. ನನ್ನ ಮಗಳು ಅಲುಗಾಡದೆ ನಿಂತಳೆಂದರೆ ಚಪ್ಪಾಳೆ ತಟ್ಟುತ್ತಾರೆ. ಆಗ ಅವರ ಮುಖ ನೋಡುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.